ತಲಬಾಗಿಲ ನೆತ್ತಿಯ ಕುರುಹುಗಳು

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯ ಹಳೆಯ ಅಡುಗೆಮನೆಯಲ್ಲಿ ಒಲೆ ಮಣ್ಣಿನದು. ಸಾರಿಸಿ, ರಂಗೋಲಿಯ ಎಳೆ ಎಳೆದರೆ ಅದರ ಅಲಂಕಾರ ಮುಗಿಯಿತು; ಮುಂದಿನ ಸಾರಣೆಗೆ ಅದೂ ಅಳಿಯುತ್ತದೆ. ಬಾಳುವ ಕೆತ್ತನೆಯನ್ನು ನಮ್ಮ ಹಿರಿಯರು ತಲಬಾಗಿಲಿಗೆ ಮೀಸಲಿಟ್ಟರು. ಇಂಗ್ಲೆಂಡಿನಲ್ಲಿ ಇದೇ ಸ್ಥಾನ ಬೆಂಕಿಗೂಡಿನ ಹಿಂದೆ ನಿಲ್ಲಿಸುವ ಎರಕದ ಕಬ್ಬಿಣದ ಫಲಕಕ್ಕಿತ್ತು. ಸಸೆಕ್ಸ್‌ನ ಒಂದು ಪ್ರಸಿದ್ಧ ಫಲಕದಲ್ಲಿ 1588 ಎಂಬ ಇಸವಿಯೂ ಲಂಗರುಗಳೂ ಇವೆ. ಅವನ್ನು ನೋಡಿದವರು ಅದೇ ವರ್ಷ ಇಂಗ್ಲೆಂಡಿನ ಮೇಲೆ ಬಂದ ಸ್ಪೇನಿನ ನೌಕಾಪಡೆಯ ಹೆಸರನ್ನೇ ಅದಕ್ಕೆ ಕಟ್ಟಿದರು. ಅರಸರ ಲಾಂಛನವಿದ್ದ ಫಲಕಗಳಂತೂ ಸಾಮಾನ್ಯರ ಮನೆಯಲ್ಲೂ ಇದ್ದವು. ಆದರೂ ಲಾಂಛನ ಕಂಡ ಕೂಡಲೇ ಅರಸುಮನೆತನ ಹುಡುಕುವ ಆತುರ ನಮ್ಮಲ್ಲೂ ಇದೆ.

ಮುಧೋಳ ಸಂಸ್ಥಾನವನ್ನು ಆಳಿದ ಘೋರ್ಪಡೆಯವರ ಹೆಸರನ್ನೇ ತೆಗೆದುಕೊಳ್ಳಿ. ಬಹಮನಿ ಕಾಲದಲ್ಲಿ ಖೇಳಣಾ ಕೋಟೆ ಹತ್ತಲು ಉಡ ಬಳಸಿದ್ದಕ್ಕೆ ಈ ಬಿರುದು ಬಂತೆಂದು ಮನೆತನದ ಪರಂಪರೆ ಹೇಳುತ್ತದೆ. ಮರಾಠಿಯಲ್ಲಿ ಘೋರ್ಪಡ್ ಎಂದರೆ ಉಡ. ಹಾಗೆಂದು ಚೌಕಟ್ಟಿನ ಮೇಲೆ ಹಲ್ಲಿಯಂಥ ಆಕೃತಿ ಕಂಡರೆ ಅದು ಸಂಸ್ಥಾನದ ಮುದ್ರೆಯಾಗದು. ಜಮಖಂಡಿಯನ್ನು ಆಳಿದ ಪಟವರ್ಧನರು ಗಣಪತಿಯ ಭಕ್ತರು ನಿಜ, ಆದರೆ ಬಾಗಿಲ ಗಣಪತಿ ಅವರಿಗಿಂತ ಎಷ್ಟೋ ಹಳಬ. ಗಂಡಭೇರುಂಡವೂ ಮೈಸೂರಿನ ಸ್ವತ್ತಲ್ಲ. ವಿಜಯನಗರದ ಅಚ್ಯುತರಾಯನ ನಾಣ್ಯಗಳಲ್ಲೇ ಅದಿತ್ತು; ಈ ಸೀಮೆ ಮೈಸೂರಿನೊಡನೆ ಒಂದು ರಾಜ್ಯವಾದದ್ದು 1956ರಲ್ಲಿ.

ಹಾಗಾದರೆ ಬಾಗಿಲ ಕೆತ್ತನೆಯನ್ನು ಓದುವುದು ಹೇಗೆ? ನಡುವಿನಿಂದ. ಗುಡಿಯ ಬಾಗಿಲ ನೆತ್ತಿಯ ಮೂರ್ತಿಗೆ ಶಿಲ್ಪಿಗಳು ಲಲಾಟಬಿಂಬ ಎನ್ನುತ್ತಾರೆ. ಐಹೊಳೆಯ ದುರ್ಗಾ ಗುಡಿಯಲ್ಲಿ ಆ ಜಾಗದಲ್ಲಿ ಹಾವು ಹಿಡಿದ ಗರುಡನಿದ್ದಾನೆ. ಕಲ್ಯಾಣ ಚಾಲುಕ್ಯರ ಗುಡಿಗಳಲ್ಲಿ ಹೆಚ್ಚಾಗಿ ಗಜಲಕ್ಷ್ಮಿ. ಬಸದಿಗಳಲ್ಲಿ ಕುಳಿತ ಜಿನ. ಮನೆಯ ಚೌಕಟ್ಟು ಈ ಕ್ರಮವನ್ನೇ ಮರದಲ್ಲಿ ಮುಂದುವರಿಸಿತು. ನಡುವೆ ಲಿಂಗ, ನಂದಿ ಇದ್ದರೆ ಶೈವ ಇಲ್ಲವೇ ಲಿಂಗಾಯತ ನಂಟು. ಕುಳಿತ ಜಿನನಿದ್ದರೆ ಜೈನ ಮನೆ. ಗಜಲಕ್ಷ್ಮಿಯಿದ್ದರೆ ಮಾತ್ರ ಅವಸರ ಬೇಡ, ಆಕೆ ಎಲ್ಲರವಳು.

ಇಕ್ಕೆಲದ ಗಿಳಿ, ನವಿಲು, ಆನೆ, ಬಳ್ಳಿಗಳ ಹೆಸರು ಬೇಕಾದರೆ ನಾನು ಸಂಸ್ಥಾನಗಳ ದಫ್ತರಕ್ಕಿಂತ ಸೀರೆಯ ಕಡೆ ತಿರುಗುತ್ತೇನೆ. ಕಸೂತಿ ಹಾಕುವ ಹೆಣ್ಣುಮಕ್ಕಳ ಬಾಯಲ್ಲಿ ಗೋಪುರ, ತೇರು, ತುಳಸಿಕಟ್ಟೆ, ಅಂಬಾರಿ ಆನೆ ಎಂಬ ಹೆಸರುಗಳು ಇಂದಿಗೂ ಜೀವಂತ. ಗವಂತಿ, ಮುರ್ಗಿ, ನೇಯ್ಗಿ, ಮೆಂತ್ಯ ಎಂಬ ನಾಲ್ಕು ಹೊಲಿಗೆಗಳಲ್ಲಿ ಅವು ಮೂಡುತ್ತವೆ. ಚೌಕಟ್ಟಿನ ಅಂಚಿಗೆ ಓಡುವ ಹಲ್ಲುಹಲ್ಲಿನ ಸಾಲನ್ನು ಗ್ರಂಥಸ್ಥ ಪರಿಭಾಷೆಯಲ್ಲಿ ಹುಡುಕಿ ದಣಿಯಬೇಕಿಲ್ಲ. ಇಳಕಲ್ ಸೀರೆಯ ಸೆರಗಿನಲ್ಲಿ ಹಣಿಗೆ, ಅಂದರೆ ಬಾಚಣಿಗೆಯ ಹಲ್ಲು, ಅಂಥದೇ ಆಕಾರ. ತೋಪು ತೆನೆ ಜೋಳದ ತೆನೆಯ ಆಕಾರ. ರಬಕವಿ-ಬನಹಟ್ಟಿಯಂಥ ಮಗ್ಗದ ಊರಿನಲ್ಲಿ ಬಡಿಗೇರನೂ ನೇಕಾರನೂ ನೋಡಿ ಬೆಳೆದ ಆಕಾರಗಳು ಬೇರೆ ಬೇರೆಯಾಗಿದ್ದವೆಂದು ನನಗೆ ಅನಿಸುವುದಿಲ್ಲ.

ತೊಡಕು ಇನ್ನೊಂದಿದೆ. ಹಬ್ಬಹಬ್ಬಕ್ಕೆ ಹಚ್ಚಿದ ಅರಿಸಿನ, ಕುಂಕುಮ, ಎಣ್ಣೆ, ಮೇಲೆ ಬಳಿದ ಬಣ್ಣ ಸೇರಿ ಕೆತ್ತನೆಯ ಕಣ್ಣುಮೂಗು ಮುಚ್ಚಿಬಿಡುತ್ತವೆ. ಕೊಂಬು ಕಾಣದ ನಂದಿ ಕುದುರೆಯಾಗುತ್ತದೆ, ಕೊಕ್ಕು ಮಸುಕಾದ ಗಿಳಿ ಹಂಸವಾಗುತ್ತದೆ. ಕೆರೆಯಲು ಹೋಗಬೇಡಿ. ಸಂಜೆ ಬಾಗಿಲ ಪಕ್ಕದಿಂದ ಓರೆಯಾಗಿ ಕಂದೀಲು ಹಿಡಿದರೆ ನೆರಳಿನಲ್ಲಿ ಕೊಂಬು ಏಳುತ್ತದೆ.