ಅಮೆರಿಕದ ಕಾಲೇಜು ಫುಟ್ಬಾಲ್: ಯಾವ ಕಾನ್ಫರೆನ್ಸ್ ಬಲಿಷ್ಠ ಅಂತ ಹೇಳುವುದು ಹೇಗೆ?

ಪ್ರೀಮಿಯರ್ ಲೀಗ್ ದೊಡ್ಡದಾ, ಲಾ ಲಿಗಾ ದೊಡ್ಡದಾ ಅಂತ ನಮ್ಮ ಹುಡುಗರು ವಾದ ಮಾಡುವುದು ಹೊಸತಲ್ಲ. ಅಮೆರಿಕದಲ್ಲಿ ಇದೇ ವಾದ ಕಾಲೇಜು ಫುಟ್ಬಾಲ್ ಬಗ್ಗೆ ನಡೆಯುತ್ತದೆ. ಆದರೆ ಅದು ನಾವು ಆಡುವ ಫುಟ್ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ. ಮಿಷಿಗನ್ ವಿಶ್ವವಿದ್ಯಾನಿಲಯದ ಸ್ಟೇಡಿಯಂ ಒಂದರಲ್ಲೇ ಲಕ್ಷಕ್ಕೂ ಹೆಚ್ಚು ಜನ ಕೂರುತ್ತಾರೆ ಅಂದರೆ ಅಲ್ಲಿನ ಹುಚ್ಚು ಎಷ್ಟು ಅಂತ ಊಹಿಸಿ.

ಮೊದಲ ದರ್ಜೆಯಲ್ಲಿ 130ಕ್ಕೂ ಹೆಚ್ಚು ತಂಡಗಳಿವೆ. ಇವುಗಳಲ್ಲಿ ಹೆಚ್ಚಿನವು ‘ಕಾನ್ಫರೆನ್ಸ್’ ಎಂಬ ಗುಂಪುಗಳಿಗೆ ಸೇರಿವೆ. ಬಿಗ್ ಟೆನ್ (1896), ಎಸ್‌ಇಸಿ (1932), ಎಸಿಸಿ (1953) ಹಾಗೂ ಬಿಗ್ 12 ಈಗ ಪ್ರಮುಖವಾದವು. ಹೆಸರು ನೋಡಿ ಮೋಸ ಹೋಗಬೇಡಿ, 2024ರಿಂದ ಬಿಗ್ ಟೆನ್‌ನಲ್ಲಿ 18 ತಂಡಗಳಿವೆ, ಬಿಗ್ 12ರಲ್ಲಿ 16. ಅದೇ ವರ್ಷ ಟೆಕ್ಸಸ್ ಮತ್ತು ಒಕ್ಲಹೋಮ ಎಸ್‌ಇಸಿಗೆ ಹೋದವು. ಪಶ್ಚಿಮ ಕರಾವಳಿಯ ಪ್ಯಾಕ್-12ರಲ್ಲಿ ಉಳಿದದ್ದು ಎರಡೇ ತಂಡ. ಹಿಂದೆ ಇದ್ದದ್ದು ಟಿವಿ ಹಣ.

ಹಾಗಾದರೆ ಬಲ ಅಳೆಯುವುದು ಹೇಗೆ? ಕಷ್ಟ ಇರುವುದು ಇಲ್ಲೇ. ಒಂದು ತಂಡಕ್ಕೆ ಮಾಮೂಲಿ ಸೀಸನ್‌ನಲ್ಲಿ 12 ಪಂದ್ಯ. ಅದರಲ್ಲಿ 8 ಅಥವಾ 9 ತನ್ನದೇ ಗುಂಪಿನೊಳಗೆ. ಗುಂಪಿನೊಳಗೆ ಒಬ್ಬ ಗೆದ್ದರೆ ಇನ್ನೊಬ್ಬ ಸೋಲಲೇಬೇಕು. ಹಾಗಾಗಿ ಎಲ್ಲರದ್ದೂ ಕೂಡಿಸಿದರೆ ಬಲಿಷ್ಠ ಗುಂಪಿನಲ್ಲೂ ದುರ್ಬಲ ಗುಂಪಿನಲ್ಲೂ ಗೆಲುವು ಸರಿಯಾಗಿ ಅರ್ಧಕ್ಕರ್ಧ! ಸಾಕ್ಷಿ ಸಿಗುವುದು ಹೊರಗಿನ ಮೂರು-ನಾಲ್ಕು ಪಂದ್ಯಗಳಲ್ಲಿ ಮಾತ್ರ. ಅದರಲ್ಲೂ ಒಂದೆರಡನ್ನು ದೊಡ್ಡ ತಂಡಗಳು ದುಡ್ಡು ಕೊಟ್ಟು ಕರೆಸಿದ ಸಣ್ಣ ಕಾಲೇಜಿನ ವಿರುದ್ಧ ಆಡುತ್ತವೆ. (ಅದೂ ಒಮ್ಮೊಮ್ಮೆ ತಿರುಗುಬಾಣ ಆಗುತ್ತದೆ. 2007ರಲ್ಲಿ ಕೆಳ ದರ್ಜೆಯ ಅಪಲಾಚಿಯನ್ ಸ್ಟೇಟ್ ಮಿಷಿಗನ್‌ಗೆ ಹೋಗಿ 34-32ರಿಂದ ಗೆದ್ದು ಬಂತು.)

ಇದು ಬರೀ ಅಭಿಮಾನಿಗಳ ಜಗಳವಲ್ಲ. 2014ರಿಂದ 2023ರವರೆಗಿನ ಸೀಸನ್‌ಗಳಲ್ಲಿ ರಾಷ್ಟ್ರೀಯ ಪ್ಲೇಆಫ್‌ಗೆ ಹೋಗುತ್ತಿದ್ದದ್ದು ಸಮಿತಿ ಆರಿಸಿದ ನಾಲ್ಕೇ ತಂಡ. 2023ರಲ್ಲಿ ಫ್ಲೋರಿಡಾ ಸ್ಟೇಟ್ ಆಡಿದ 13 ಪಂದ್ಯವನ್ನೂ ಗೆದ್ದು ಎಸಿಸಿ ಚಾಂಪಿಯನ್ ಆಯಿತು. ಎಸ್‌ಇಸಿಯ ಎಲ್‌ಎಸ್‌ಯು ಮತ್ತು ಫ್ಲೋರಿಡಾ ತಂಡಗಳನ್ನೂ ಸೋಲಿಸಿತ್ತು. ಆದರೂ ಜಾಗ ಸಿಕ್ಕಿದ್ದು ಒಂದು ಪಂದ್ಯ ಸೋತಿದ್ದ ಎಸ್‌ಇಸಿ ಚಾಂಪಿಯನ್ ಅಲಬಾಮಾಗೆ. ಕ್ವಾರ್ಟರ್‌ಬ್ಯಾಕ್ ಜೋರ್ಡನ್ ಟ್ರಾವಿಸ್ ಗಾಯಗೊಂಡ ಮೇಲೆ ಫ್ಲೋರಿಡಾ ಸ್ಟೇಟ್ ಮೊದಲಿನ ತಂಡವಲ್ಲ ಎಂದು ಸಮಿತಿ ಹೇಳಿತು. ಎಸ್‌ಇಸಿ ಹೆಸರೇ ಕೆಲಸ ಮಾಡಿತು ಎಂದು ಎಸಿಸಿ ಅಭಿಮಾನಿಗಳು ಸಿಟ್ಟಾದರು. ಮೈದಾನದಲ್ಲಿ ಒಂದೂ ಸೋಲದ ಹುಡುಗರಿಗೆ ಬಾಗಿಲು ಮುಚ್ಚಿದ್ದು ನ್ಯಾಯ ಅಂತ ಒಪ್ಪುವುದು ಕಷ್ಟ.

ಆಮೇಲೆ ಆರೆಂಜ್ ಬೌಲ್‌ನಲ್ಲಿ ಜಾರ್ಜಿಯಾ ಅದೇ ತಂಡವನ್ನು 63-3ರಿಂದ ಸೋಲಿಸಿತು. ಎಸ್‌ಇಸಿ ಕಡೆಯವರು ಇದನ್ನೇ ಸಾಕ್ಷಿ ಅಂತ ತೋರಿಸಿದರು. ಆದರೆ ಫ್ಲೋರಿಡಾ ಸ್ಟೇಟ್‌ನ ಬಹಳಷ್ಟು ಮುಖ್ಯ ಆಟಗಾರರು ಆ ಪಂದ್ಯಕ್ಕೆ ಇಳಿದೇ ಇರಲಿಲ್ಲ. ಬೌಲ್ ಪಂದ್ಯದ ಲೆಕ್ಕವನ್ನು ಪೂರ್ತಿ ನಂಬಬಾರದು ಅನ್ನುವುದು ಇದಕ್ಕೇ.

‘ಬಲ’ ಅನ್ನುವುದು ಒಂದೇ ವಸ್ತುವೂ ಅಲ್ಲ. ತುದಿಯ ತಂಡಗಳನ್ನು ನೋಡಿದರೆ ಎಸ್‌ಇಸಿಗೆ ಎದುರಿಲ್ಲದ ಕಾಲ ಇತ್ತು: 2006ರಿಂದ 2012ರವರೆಗೆ ಸತತ ಏಳು ರಾಷ್ಟ್ರೀಯ ಕಿರೀಟ. ನಂತರ 2023ರಲ್ಲಿ ಮಿಷಿಗನ್, 2024ರಲ್ಲಿ ಒಹಾಯೊ ಸ್ಟೇಟ್ ಗೆದ್ದು ಗಾಳಿ ಬಿಗ್ ಟೆನ್ ಕಡೆ ಬೀಸಿತು. ಆದರೆ ಒಬ್ಬ ಚಾಂಪಿಯನ್ ಇದ್ದ ಮಾತ್ರಕ್ಕೆ ಇಡೀ ಗುಂಪು ಗಟ್ಟಿ ಅಂತಲ್ಲ. ಹತ್ತನೇ ಸ್ಥಾನದ ತಂಡ ಹೇಗಿದೆ ಅಂತಲೂ ನೋಡಬೇಕು. ಜೆಫ್ ಸಾಗರಿನ್ ಅವರ ಕಂಪ್ಯೂಟರ್ ರೇಟಿಂಗ್‌ನಲ್ಲಿ ಗುಂಪುಗಳನ್ನು ಹೋಲಿಸುವಾಗ ನಡುವಿನ ತಂಡಗಳಿಗೆ ಹೆಚ್ಚು ತೂಕ ಕೊಡುವುದು ಈ ಕಾರಣಕ್ಕೆ. ನಮಗೆ ಹೆಚ್ಚು ಸರಿ ಕಾಣುವ ಅಳತೆಯೂ ಇದೇ.

2024ರಿಂದ ಪ್ಲೇಆಫ್‌ಗೆ 12 ತಂಡ. ಮೊದಲ ವರ್ಷ ಬಿಗ್ ಟೆನ್‌ನಿಂದ ನಾಲ್ಕು, ಎಸ್‌ಇಸಿಯಿಂದ ಮೂರು ಹೋದವು. ಈ ಬಾರಿ 9-3ರ ಅಲಬಾಮಾ ಹೊರಗೆ, 11-2ರ ಎಸಿಸಿ ತಂಡ ಎಸ್‌ಎಂಯು ಒಳಗೆ! ನಮ್ಮ ಗುಂಪಿನೊಳಗಿನ ಪಂದ್ಯಗಳೇ ಕಠಿಣ, ಅದಕ್ಕೆ ಬೆಲೆ ಇಲ್ಲವಾ ಅಂತ ಕೇಳುವ ಸರದಿ ಎಸ್‌ಇಸಿಯದ್ದಾಯಿತು. ಬಿಗ್ ಟೆನ್ ಗುಂಪಿನೊಳಗೆ ಒಂಬತ್ತು ಪಂದ್ಯ ಆಡುವಾಗ ಎಸ್‌ಇಸಿ ಎಂಟೇ ಆಡುತ್ತಿತ್ತು. 2026ರಿಂದ ತಾನೂ ಒಂಬತ್ತು ಆಡುವುದಾಗಿ 2025ರ ಆಗಸ್ಟ್‌ನಲ್ಲಿ ಪ್ರಕಟಿಸಿತು.