ಸೇರು, ಡಜನ್, ಮೋಲ್

ಭತ್ತದ ಕಾಳನ್ನು ಯಾರೂ ಒಂದೊಂದಾಗಿ ಎಣಿಸುವುದಿಲ್ಲ. ಸೇರಿನಲ್ಲಿ ಅಳೆಯುತ್ತೇವೆ, ತಕ್ಕಡಿಯಲ್ಲಿ ತೂಗುತ್ತೇವೆ. ಪಿಯುಸಿ ಮಕ್ಕಳನ್ನು ಕಾಡುವ ‘ಮೋಲ್’ ಕೂಡ ಇಂಥದ್ದೇ ಲೆಕ್ಕ. ಆದರೆ ಅದರ ಬುಡ ಗಟ್ಟಿಯಾಗಲು ವಿಜ್ಞಾನಿಗಳಿಗೇ ಅರ್ಧ ಶತಮಾನ ಹಿಡಿಯಿತು.

ನೀರಿನಲ್ಲಿ 1 ಗ್ರಾಂ ಹೈಡ್ರೋಜನ್‌ಗೆ 8 ಗ್ರಾಂ ಆಕ್ಸಿಜನ್ ಇರುತ್ತದೆ. ಇಂಗ್ಲೆಂಡಿನ ಜಾನ್ ಡಾಲ್ಟನ್, ನೀರೆಂದರೆ ಎರಡರದ್ದೂ ಒಂದೊಂದು ಪರಮಾಣು ಎಂದುಕೊಂಡರು. ಹಾಗಾದರೆ ಆಕ್ಸಿಜನ್ ಪರಮಾಣು ಹೈಡ್ರೋಜನ್‌ಗಿಂತ 8 ಪಟ್ಟು ಭಾರ.

1811ರಲ್ಲಿ ಇಟಲಿಯ ಅವೊಗಾಡ್ರೊ ಬೇರೆ ದಾರಿ ತೋರಿಸಿದರು: ಒಂದೇ ಉಷ್ಣತೆ, ಒಂದೇ ಒತ್ತಡದಲ್ಲಿ ಸಮ ಗಾತ್ರದ ಅನಿಲಗಳಲ್ಲಿ ಅಣುಗಳ ಸಂಖ್ಯೆಯೂ ಸಮ. ನೀರಾಗಲು ಎರಡು ಪಾಲು ಹೈಡ್ರೋಜನ್‌ಗೆ ಒಂದು ಪಾಲು ಆಕ್ಸಿಜನ್ ಸಾಕು. ಅಂದರೆ ಪರಮಾಣುಗಳೂ ಎರಡಕ್ಕೆ ಒಂದು. ಆಕ್ಸಿಜನ್ 8 ಅಲ್ಲ, 16 ಪಟ್ಟು ಭಾರ.

ಹೆಚ್ಚಿನವರು ಕಿವಿಗೊಡಲಿಲ್ಲ. 1856ರಲ್ಲಿ ಅವರು ತೀರಿಕೊಂಡರು. 1860ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ನಡೆದ ಸಭೆಯಲ್ಲಿ ಅವರದೇ ನಾಡಿನ ಕನಿಜಾರೊ ಆ ಮಾತನ್ನು ಎತ್ತಿ ಹಿಡಿದರು. ಸಭೆಯ ಕೊನೆಗೆ ಹಂಚಿದ ಕಿರುಪುಸ್ತಕ ಹಲವರ ಕಣ್ಣು ತೆರೆಸಿತು.

ಈಗ ಲೆಕ್ಕ ನೋಡಿ. ಎರಡು ಹೈಡ್ರೋಜನ್ 2, ಒಂದು ಆಕ್ಸಿಜನ್ 16, ಒಟ್ಟು 18. ಹಾಗಾಗಿ 18 ಗ್ರಾಂ ನೀರು ಒಂದು ಮೋಲ್. 90 ಗ್ರಾಂ ನೀರಿದ್ದರೆ 90ನ್ನು 18ರಿಂದ ಭಾಗಿಸಿ, 5 ಮೋಲ್. ಡಜನ್ ಅಂದರೆ 12; ಮೋಲ್ ಅಂದರೆ ಸುಮಾರು 6022ರ ಮುಂದೆ 20 ಸೊನ್ನೆ.

ಮನೆಯ ಮಕ್ಕಳು ಈ ಪಾಠದಲ್ಲಿ ತಡವರಿಸಿದರೆ ಬೈಯಬೇಡಿ. ದೊಡ್ಡ ದೊಡ್ಡವರೇ ಐವತ್ತು ವರ್ಷ ತಡವರಿಸಿದ ಜಾಗ ಅದು.