ಕಂದಾಯದ ಕಿರ್ದಿಯಿಂದ ಮತದಾರರ ಪಟ್ಟಿಗೆ

ಬಸವನ ಬಾಗೇವಾಡಿಯಲ್ಲಿ ಪ್ರಜಾಪ್ರಭುತ್ವದ ಮಾತು ಬಂದರೆ ಹನ್ನೆರಡನೆಯ ಶತಮಾನಕ್ಕೆ ಹೋಗುವುದು ರೂಢಿ. ಬಸವಣ್ಣ ಹುಟ್ಟಿದ ಊರು. ಆತನ ಕಾಲದ ಅನುಭವ ಮಂಟಪವೇ ಜಗತ್ತಿನ ಮೊದಲ ಸಂಸತ್ತು ಎಂದು ವೇದಿಕೆ ಹತ್ತಿದವರೆಲ್ಲ ಹೇಳುತ್ತಾರೆ. ಅಭಿಮಾನ ತಪ್ಪಲ್ಲ. ಆದರೆ ಮಾದಾರ, ಡೋಹರ, ಅಂಬಿಗರು, ಹೆಣ್ಣುಮಕ್ಕಳು ಸರಿಸಮನಾಗಿ ಕೂತು ಮಾತಾಡಿದರೆಂಬುದು ಒಂದು ಸಂಗತಿ. ತಲೆಗೊಂದು ಮತ ಎಂದು ಎಣಿಸುವುದು ಬೇರೆಯೇ ಸಂಗತಿ. ಶರಣರ ಗೋಷ್ಠಿಯಲ್ಲಿ ಮಾತಿಗೆ ತೂಕ ಬರುತ್ತಿದ್ದುದು ಅನುಭಾವದಿಂದ. ಅಲ್ಲಿ ಲೆಕ್ಕ ಹಾಕುವ ಅಗತ್ಯವೇ ಇರಲಿಲ್ಲ. ಚುನಾವಣೆಗೆ ಮಾತ್ರ ಮೊದಲು ಹೆಸರುಗಳ ಪಟ್ಟಿ ಬೇಕು. ಈ ಸೀಮೆಯಲ್ಲಿ ಆ ಪಟ್ಟಿ ಚಾವಡಿಯ ಕಂದಾಯದ ಕಿರ್ದಿಯಿಂದ ಹುಟ್ಟಿತು. ಅದು ಕಿರ್ದಿಯಿಂದ ಬಿಡಿಸಿಕೊಂಡು ಬಂದ ಬಗೆಯೇ ಇಲ್ಲಿನ ಮತದಾನದ ಇತಿಹಾಸ ಎಂಬುದು ನನ್ನ ವಾದ.

ಬ್ರಿಟಿಷರ ಕಾಲದಲ್ಲಿ ಬಾಗೇವಾಡಿ ಮುಂಬಯಿ ಇಲಾಖೆಯ ತಾಲ್ಲೂಕು. ಜಿಲ್ಲೆಯ ಹೆಸರು ಮೊದಲು ಕಲಾದಗಿ. 1869ರ ಸ್ಥಳೀಯ ನಿಧಿ ಕಾಯಿದೆಯಂತೆ ಕಂದಾಯದ ಪ್ರತಿ ರೂಪಾಯಿಗೆ ಒಂದಾಣೆ ಸೆಸ್ಸು ಕೂಡಿಸಿ ರಸ್ತೆ, ಬಾವಿ, ಶಾಲೆಗೆ ಖರ್ಚು ಮಾಡುವ ಏರ್ಪಾಡಾಯಿತು. ಹಣ ರೈತನದು, ಖರ್ಚಿನ ತೀರ್ಮಾನ ಕಲೆಕ್ಟರನದು. 1882ರಲ್ಲಿ ಲಾರ್ಡ್ ರಿಪ್ಪನ್ ಸ್ಥಳೀಯ ಸ್ವರಾಜ್ಯದ ಠರಾವು ಹೊರಡಿಸಿದ ಮೇಲೆ 1884ರ ಮುಂಬಯಿ ಸ್ಥಳೀಯ ಮಂಡಳಿಗಳ ಕಾಯಿದೆ ಬಂತು. ಜಿಲ್ಲಾ ಬೋರ್ಡು, ತಾಲ್ಲೂಕು ಬೋರ್ಡುಗಳಿಗೆ ಒಂದಷ್ಟು ಸದಸ್ಯರನ್ನು ಆರಿಸುವ ಪದ್ಧತಿ ಶುರುವಾಯಿತು. ಆರಿಸುವವರು ಯಾರು? ಇಡೀ ಇನಾಮು ಹಳ್ಳಿಗಳ ಒಡೆಯರಿಗೆ ಪ್ರತ್ಯೇಕ ಪ್ರಾತಿನಿಧ್ಯ. ಉಳಿದವರಿಗೆ ಆಸ್ತಿ, ಕಂದಾಯ, ಹುದ್ದೆಗಳ ಅಳತೆಗೋಲು. ಆ ಕೋಲಿನ ಉದ್ದವನ್ನು ಮುಂದಿನ ಒಂದು ಅಂಕಿಯಿಂದ ಊಹಿಸಬಹುದು. 1919ರ ಸುಧಾರಣೆಯ ಬಳಿಕ ಮುಂಬಯಿ ವಿಧಾನ ಪರಿಷತ್ತಿಗೆ ಹಳ್ಳಿಗರು ಮತ ಹಾಕಬೇಕಾದರೆ, ಹೆಚ್ಚಿನ ಜಿಲ್ಲೆಗಳಲ್ಲಿ, 32 ರೂಪಾಯಿ ಕಂದಾಯದ ಜಮೀನು ಕೈಯಲ್ಲಿರಬೇಕಿತ್ತು. ಎಕರೆಗೆ ಒಂದು ರೂಪಾಯಿ ಎಂದು ಧಾರಾಳವಾಗಿ ಹಿಡಿದರೂ 32 ಎಕರೆಯಾಯಿತು. ಮಳೆ ನಂಬಿ ಜೋಳ ಬಿತ್ತುವ ಎರೆಭೂಮಿಯಲ್ಲಿ ಅಷ್ಟು ಹೊಲವಿದ್ದವನು ಗೌಡನೋ ದೊಡ್ಡ ಒಕ್ಕಲಿನವನೋ ಆಗಿರುತ್ತಿದ್ದ. ಸ್ಥಳೀಯ ಬೋರ್ಡುಗಳ ಮಿತಿ ಬೇರೆಯಿದ್ದೀತು, ತರ್ಕ ಅದೇ. 1921ರಲ್ಲಿ ಮುಂಬಯಿ ಪರಿಷತ್ತು ಹೆಂಗಸರಿಗೂ ಮತದ ಹಕ್ಕು ಕೊಟ್ಟಿತು. ಆಸ್ತಿಯ ಷರತ್ತು ಹಾಗೇ ಉಳಿದದ್ದರಿಂದ ಖಾತೆಯಲ್ಲಿ ಹೆಸರಿಲ್ಲದ ಹೆಂಗಸಿಗೆ ಅದು ದಕ್ಕಲಿಲ್ಲ.

ತೆರಿಗೆ ಕೊಟ್ಟವನೇ ತೆರಿಗೆಯ ವಿನಿಯೋಗ ನಿರ್ಧರಿಸಲಿ ಎಂಬ ಮಾತು ನ್ಯಾಯವಲ್ಲವೇ? ಅಂದಿನ ವಿದ್ಯಾವಂತರಲ್ಲಿ ಹಲವರು ಹಾಗೆಯೇ ನಂಬಿದ್ದರು, ಅದನ್ನು ಬರಿಯ ಸ್ವಾರ್ಥವೆಂದು ತಳ್ಳಿಹಾಕಲಾಗದು. ಆದರೆ ಒಡೆಯ ಕಟ್ಟುವ ಸೆಸ್ಸು ಗೇಣಿಯಲ್ಲಿ ಸೇರಿ ಉಳುವವನ ತಲೆಗೇ ಬರುತ್ತಿತ್ತು. ಬೋರ್ಡಿನ ಬಾವಿಯಿಂದ ಯಾರು ನೀರು ಸೇದಬೇಕು, ಬೋರ್ಡಿನ ಶಾಲೆಯಲ್ಲಿ ಯಾರ ಮಗು ಎಲ್ಲಿ ಕೂರಬೇಕು ಎಂಬ ಪ್ರಶ್ನೆಗಳ ಬಿಸಿ ತಟ್ಟುತ್ತಿದ್ದುದು ಪಟ್ಟಿಯ ಹೊರಗಿದ್ದವರಿಗೇ. ಇದನ್ನು ಅಂಬೇಡ್ಕರರಷ್ಟು ಸ್ಪಷ್ಟವಾಗಿ ಕಂಡವರು ಕಡಿಮೆ. 1932ರ ಅಕ್ಟೋಬರ್ 6ರಂದು ಗ್ರಾಮ ಪಂಚಾಯತಿ ಮಸೂದೆಯ ಮೇಲೆ ಮುಂಬಯಿ ಪರಿಷತ್ತಿನಲ್ಲಿ ಮಾತಾಡುತ್ತ ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು: ಪ್ರತಿ ಹಳ್ಳಿಯಲ್ಲೂ ಅಲ್ಪಸಂಖ್ಯಾತರಾಗಿರುವ ದಲಿತರಿಗೆ ವಯಸ್ಕ ಮತದಾನವೊಂದೇ ಸಾಲದು, ಪ್ರತ್ಯೇಕ ಪ್ರಾತಿನಿಧ್ಯ ಬೇಕು ಎಂದರು. ಪಟ್ಟಿಗೆ ಎಲ್ಲರೂ ಸೇರಿದರೆ ಮುಗಿಯಿತು ಎನ್ನುವವರಿಗೆ, ಹಾಗೆ ಸೇರುವ ಮೊದಲೇ ಸಿಕ್ಕ ಎಚ್ಚರಿಕೆಯಿದು. ಮೀಸಲು ಸ್ಥಾನಗಳಿಗೆ 73ನೇ ತಿದ್ದುಪಡಿ ಮತ್ತು ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯಿದೆ ಭದ್ರ ನೆಲೆ ಕೊಡುವಷ್ಟರಲ್ಲಿ ಅರವತ್ತು ವರ್ಷ ಕಳೆದಿತ್ತು.

ಪಟ್ಟಿ ಕಿರ್ದಿಯಿಂದ ಪೂರ್ತಿ ಕಳಚಿಕೊಂಡದ್ದು ಸ್ವಾತಂತ್ರ್ಯದ ಬೆನ್ನಿಗೇ. 1947ರ ಕೊನೆಯಲ್ಲಿ ಸಂವಿಧಾನ ಸಭೆಯ ಕಚೇರಿ ವಯಸ್ಕ ಮತದಾರರ ಪಟ್ಟಿಯ ಸಿದ್ಧತೆ ಶುರುಮಾಡಿತು. ಆಗಿನ್ನೂ ಸಂವಿಧಾನವೇ ಜಾರಿಗೆ ಬಂದಿರಲಿಲ್ಲ. 1935ರ ಕಾಯಿದೆಯಡಿ ದೇಶದಲ್ಲಿ ಸುಮಾರು 3 ಕೋಟಿ ಇದ್ದ ಮತದಾರರು ಮೊದಲ ಮಹಾಚುನಾವಣೆಯ ಹೊತ್ತಿಗೆ 17 ಕೋಟಿ ದಾಟಿದರು. 1950ರ ಪ್ರಜಾ ಪ್ರಾತಿನಿಧ್ಯ ಕಾಯಿದೆಯ 20ನೇ ಕಲಮು ಹಳೆಯ ತರ್ಕವನ್ನು ಬುಡಮೇಲು ಮಾಡಿತು: ಊರಲ್ಲಿ ಮನೆಯ ಒಡೆತನವಿದೆ ಎಂಬುದೊಂದರಿಂದಲೇ ಯಾರೂ ಆ ಊರಿನ ವಾಸಿಯಾಗುವುದಿಲ್ಲ, ತಾತ್ಕಾಲಿಕವಾಗಿ ಊರು ಬಿಟ್ಟ ಮಾತ್ರಕ್ಕೆ ವಾಸದ ಹಕ್ಕು ಹೋಗುವುದೂ ಇಲ್ಲ. ಬಾಗೇವಾಡಿ ಸೀಮೆಗೆ ಇದರ ಬೆಲೆ ಎಷ್ಟೆಂಬುದನ್ನು ಆಲಮಟ್ಟಿ ತೋರಿಸಿತು. 1964ರಲ್ಲಿ ಅಡಿಗಲ್ಲು ಬಿದ್ದ ಅಣೆಕಟ್ಟಿನ ಹಿನ್ನೀರು ಮುಂದೆ ಕೃಷ್ಣಾತೀರದ ಹೊಲಗಳನ್ನು ನುಂಗಿತು, ಹಳೆಯ ಕೊಲ್ಹಾರ ಊರೇ ಮುಳುಗಿ ಜನ ಪುನರ್ವಸತಿ ಕೇಂದ್ರ ಸೇರಿದರು. 1919ರ ನಿಯಮವೇ ಉಳಿದಿದ್ದರೆ ಖಾತೆಯ ಜತೆಗೆ ಮತವೂ ನೀರಿನಡಿ ಹೋಗುತ್ತಿತ್ತು. ಮಳೆ ಕೈಕೊಟ್ಟ ವರ್ಷ ಗುಳೆ ಹೋಗುವ ಕೂಲಿಯವರ ಹೆಸರು ಊರಿನ ಪಟ್ಟಿಯಲ್ಲಿ ಉಳಿಯುವುದೂ ಇದೇ ಕಲಮಿನ ಬಲದಿಂದ.

ಊರಹಿರಿಯರ ತಕರಾರು ಇನ್ನೊಂದಿದೆ: ಪಟ್ಟಿ ಹಿಗ್ಗಿದಂತೆ ಜಾತಿ, ಹಣ, ಜಗಳವೂ ಹಿಗ್ಗಿದವು, ಅದಕ್ಕಿಂತ ಹಿರಿಯರು ಕೂತು ಅವಿರೋಧವಾಗಿ ಆರಿಸುವುದೇ ಮೇಲು. ಜಗಳ ಸುಳ್ಳಲ್ಲ. ಗ್ರಾಮ ಪಂಚಾಯತಿಯಲ್ಲಿ 400 ಜನಸಂಖ್ಯೆಗೆ ಒಬ್ಬ ಸದಸ್ಯ. ಹತ್ತು ಮತಗಳು ಫಲಿತಾಂಶ ತಿರುಗಿಸುವ ಕಡೆ ಮನೆಮನೆಗೂ ಒಡಕು ಬರುತ್ತದೆ. ಆದರೆ ಹಿರಿಯರೆಂದರೆ ಯಾರು ಎಂದು ಕೇಳಿದರೆ ಉತ್ತರ ಮತ್ತೆ ಹೊಲದ ಅಳತೆಗೇ ಬಂದು ನಿಲ್ಲುತ್ತದೆ. 2020ರ ಡಿಸೆಂಬರ್ ಚುನಾವಣೆಯಲ್ಲಿ ರಾಜ್ಯದ ಕೆಲವು ಹಳ್ಳಿಗಳು ಸದಸ್ಯ ಸ್ಥಾನವನ್ನು ಹರಾಜಿಗಿಟ್ಟ ಸುದ್ದಿ ಬಂತು. ಹಣ ಗುಡಿಗೆ ಹೋಗುತ್ತದಲ್ಲ ಎಂಬ ಸಮರ್ಥನೆಯೂ ಬಂತು. ಗುಡಿಗೇ ಹೋಗಲಿ, ಕೂಗಲು ದುಡ್ಡಿರುವವನಿಗಷ್ಟೇ ಅಲ್ಲಿ ಸ್ಥಾನ. ಅದು 32 ರೂಪಾಯಿ ನಿಯಮದ ಪುನರ್ಜನ್ಮ.

ಇಂದು ಪಂಚಾಯತಿ ಚುನಾವಣೆಗೆ ಮತದಾರರ ಪ್ರತ್ಯೇಕ ನೋಂದಣಿಯಿಲ್ಲ. ವಿಧಾನಸಭೆಯ ಪಟ್ಟಿಯನ್ನೇ ಕ್ಷೇತ್ರವಾರು ಒಡೆದು ಬಳಸುತ್ತಾರೆ. ಹಾಗಾಗಿ ಅಲ್ಲಿ ಬಿಟ್ಟುಹೋದ ಹೆಸರು ಇಲ್ಲಿಯೂ ಇರುವುದಿಲ್ಲ. ಹೊಸದಾಗಿ 18 ತುಂಬಿದವರಿಗೆ 2022ರಿಂದ ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳಿವೆ. ಇಷ್ಟೆಲ್ಲ ಸುಸೂತ್ರವಾದ ಪಟ್ಟಿ ಕೈಯಲ್ಲಿದ್ದೂ, 2021ರಲ್ಲಿ ಅವಧಿ ಮುಗಿದ ರಾಜ್ಯದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯತಿಗಳಿಗೆ 2025ರ ಮಧ್ಯದವರೆಗೂ ಚುನಾವಣೆ ನಡೆಯಲಿಲ್ಲ. ಅವಧಿ ಮುಗಿಯುವುದರೊಳಗೆ ಚುನಾವಣೆ ಮುಗಿಸಬೇಕೆಂದು ಸಂವಿಧಾನದ 243ಇ ವಿಧಿ ಹೇಳುತ್ತದೆ. ಅಷ್ಟು ವರ್ಷ ಬಾಗೇವಾಡಿ ತಾಲ್ಲೂಕು ಪಂಚಾಯತಿಯ ಖರ್ಚಿನ ತೀರ್ಮಾನ, 1869ರಲ್ಲಿದ್ದಂತೆ, ಅಧಿಕಾರಿಗಳ ಕೈಯಲ್ಲೇ ಇತ್ತು.